ಧ್ರುವದ ಬೆಳಕೂ ಗೌರಿಬಿದನೂರಿನ ಬಂಡೆಯೂ

ಗೌರಿಬಿದನೂರು ಎಂದೊಡನೆ ನಮ್ಮ ವಾಚಕರಿಗೆ 1938ರ ವಿದುರಾಶ್ವತ್ಥದ ಧ್ವಜಸತ್ಯಾಗ್ರಹವು ನೆನಪಾಗುವುದು ಸಹಜವಾಗಿದೆ. ಆ ತಾಲ್ಲೂಕಿನ ಬಂಡೆನೆಲಕ್ಕೆ ಲೋಕಚರಿತ್ರೆಯಲ್ಲಿ ಮತ್ತೊಂದು ಸ್ಥಾನವೂ ಉಂಟು. ಅದನ್ನು ಅರಿಯಬೇಕಾದರೆ ಮೊದಲು ದೂರದ ಧ್ರುವಪ್ರದೇಶದ ಆಕಾಶವನ್ನು ನೋಡಬೇಕು.

ಸೂರ್ಯನಿಂದ ಹೊರಟ ವಿದ್ಯುತ್ಕಣಗಳ ಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಸುಮಾರು 100 ಕಿಲೋಮೀಟರು ಎತ್ತರದ ವಾಯುವಿಗೆ ಎಲೆಕ್ಟ್ರಾನುಗಳು ಬಂದು ಬಡಿಯುವುವು. ಆಗ ಧ್ರುವಪ್ರಭೆಯು ಬೆಳಗುವುದು. 1962ನೆಯ ಜುಲೈ 9ರಂದು ಮನುಷ್ಯನೇ ಅಂತಹ ಬೆಳಕನ್ನು ಹೊತ್ತಿಸಿದನು. ಶಾಂತಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಅಮೆರಿಕವು ಸಿಡಿಸಿದ ಬಾಂಬಿನಿಂದ ದೂರದ ಹವಾಯಿಯ ಇರುಳಾಗಸವು ಕೆಂಪೇರಿತು.

ಮರುವರ್ಷದ ಆಗಸ್ಟ್ 5ರಂದು ಮಾಸ್ಕೋ ನಗರದಲ್ಲಿ ಒಂದು ಒಡಂಬಡಿಕೆಯಾಯಿತು. ವಾಯುಮಂಡಲ, ಅಂತರಿಕ್ಷ, ಜಲಗರ್ಭಗಳಲ್ಲಿ ಪರಮಾಣುಪರೀಕ್ಷೆಯು ನಿಷಿದ್ಧವಾಯಿತು, ಭೂಗರ್ಭವೊಂದು ಉಳಿಯಿತು. ಭಾರತವು ಮೂರೇ ದಿನಗಳಲ್ಲಿ ಇದಕ್ಕೆ ಸಹಿಮಾಡಿತು. ಇದರಿಂದ ವಿಜ್ಞಾನಿಗಳ ಮುಂದೆ ಎರಡು ಪ್ರಶ್ನೆಗಳು ನಿಂತುವು. ಮೇಲಣ ವಾಯುವಿನಲ್ಲಿ ಬಾಂಬು ಮಾಡುವ ಪರಿಣಾಮವನ್ನು, ಸಿಡಿಸದೆಯೇ, ತಿಳಿಯುವುದೆಂತು? ನೆಲದೊಳಗೆ ಗುಟ್ಟಾಗಿ ಸಿಡಿಸಿದುದನ್ನು ಕಂಡುಹಿಡಿಯುವುದೆಂತು?

ಮೊದಲನೆಯದಕ್ಕೆ ಧ್ರುವಪ್ರಭೆಯೇ ಪ್ರಕೃತಿಯ ಪ್ರಯೋಗಶಾಲೆಯಾಯಿತು. ಬಾಂಬಿನಂತೆಯೇ ಅದೂ ವಾಯುವಿನೊಳಕ್ಕೆ ಎಲೆಕ್ಟ್ರಾನುಗಳನ್ನು ಸುರಿಯುವುದಷ್ಟೆ. ಆ ಹೊಡೆತಕ್ಕೆ ಸಿಕ್ಕಿದ ವಾಯುವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಸೂಸುವುದು. ಆದರೆ ಕೆಳಗಣ ಗಾಳಿಯ ನೀರಾವಿಯೂ ಇಂಗಾಲಾಮ್ಲವೂ ಅವುಗಳಲ್ಲಿ ಬಹುಭಾಗವನ್ನು ಹೀರಿಕೊಳ್ಳುವುದರಿಂದ, ನೆಲದ ಮೇಲೆ ನಿಂತು ಅಳೆಯುವುದು ಅಸಾಧ್ಯ. ಆದುದರಿಂದ 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯವರು, ಅತಿಶೀತದಲ್ಲಿರಿಸಿದ ಮಾಪಕಗಳನ್ನು ರಾಕೆಟ್ಟುಗಳಲ್ಲಿಟ್ಟು ಅಲಾಸ್ಕದ ಪೋಕರ್ ಫ್ಲ್ಯಾಟ್‌ನಿಂದ ಧ್ರುವಪ್ರಭೆಯ ಒಳಕ್ಕೇ ಹಾರಿಸಿದರು. ವಿಮಾನಗಳನ್ನೂ ಎತ್ತರಕ್ಕೊಯ್ದು ಅಳೆದರು.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಅರಸುವ ಕಾರ್ಯದಲ್ಲಿ ನಮ್ಮ ಸೀಮೆಯು ಪಾಲುಗೊಂಡಿತು. 1965ರಲ್ಲಿ ಬ್ರಿಟನ್ನಿನ ಪರಮಾಣುಶಕ್ತಿ ಸಂಸ್ಥೆಯ ಸಹಕಾರದಿಂದ ಟ್ರಾಂಬೆಯ ವಿಜ್ಞಾನಿಗಳು ಗೌರಿಬಿದನೂರಿನಲ್ಲಿ ಇಪ್ಪತ್ತು ಭೂಕಂಪಮಾಪಕಗಳನ್ನು ಎರಡು ಸಾಲಾಗಿ ನೆಟ್ಟರು. ಗಟ್ಟಿಬಂಡೆಯಲ್ಲಿ ಸಣ್ಣ ಕಂಪನವೂ ಸ್ಪಷ್ಟ. ಅಲೆಯು ಒಂದೊಂದು ಮಾಪಕವನ್ನು ಮುಟ್ಟಿದ ಹೊತ್ತಿನ ಅಂತರದಿಂದ ಅದು ಬಂದ ದಿಕ್ಕು ಗೊತ್ತಾಗುವುದು. ಎಲ್ಲವನ್ನೂ ಹೊಂದಿಸಿ ಕೂಡಿಸಿದರೆ ಸ್ಥಳೀಯ ಸದ್ದು ಅಡಗಿ ದೂರದ ಅಲೆಯು ಎದ್ದು ತೋರುವುದು. ಸ್ಫೋಟವು ಸುತ್ತಣ ನೆಲವನ್ನು ಎಲ್ಲ ಕಡೆಗೂ ಹೊರದೂಡುವುದು. ಭೂಕಂಪದಲ್ಲಿ ಬಂಡೆಗಳು ಒಂದರ ಪಕ್ಕದಲ್ಲೊಂದು ಜಾರುವುವು. ಈ ಭೇದದಿಂದ ಇವೆರಡನ್ನೂ ವಿಂಗಡಿಸಬಹುದಾಗಿದೆ.

ಪರರ ಸ್ಫೋಟಗಳನ್ನು ಆಲಿಸಲೆಂದು ನೆಟ್ಟ ಈ ಕಿವಿಯು 1998ನೆಯ ಮೇ 11ರಂದು ಪೋಖ್ರಾನಿನ ನಮ್ಮದೇ ಸ್ಫೋಟವನ್ನು ಕೇಳಿತು. ಎಲ್ಲ ಬಗೆಯ ಪರೀಕ್ಷೆಗಳನ್ನೂ ನಿಷೇಧಿಸಹೊರಟ 1996ರ ಒಡಂಬಡಿಕೆಗೆ ಭಾರತವು ಸಹಿಮಾಡಿರಲಿಲ್ಲ. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ಇದು ಸ್ಥಳವಲ್ಲ. ಆದರೆ ಯಂತ್ರಕ್ಕೆ ತನ್ನವರು ಪರರೆಂಬ ಭೇದವಿಲ್ಲ. ಆ ನಿಷ್ಪಕ್ಷಪಾತದಿಂದಲೇ ಅದರ ಸಾಕ್ಷಿಗೆ ಬೆಲೆ. ಲೋಕದ ಮಾತುಕತೆಗಳು ನಿಲ್ಲಬೇಕಾದರೆ ಇಂತಹ ಸಾಕ್ಷಿಗಳು ಬೇಕು. ಅವುಗಳಲ್ಲೊಂದು ನಮ್ಮ ಹೊಲಬಂಡೆಗಳ ನಡುವೆ ನೆಲೆಸಿತೆಂಬುದನ್ನು ನಾವು ಮರೆಯಬಾರದು.