ಬಂಧುಗಳು ಸಾಕಿದ ಮಕ್ಕಳು: ಅಮೆರಿಕದ ನೆರವಿನ ಶಾಸನಗಳ ಒಂದು ವಿವೇಚನೆ

ತಂದೆತಾಯಿಗಳಿಂದ ಅಗಲಿದ ಮಗುವನ್ನು ಅಜ್ಜಿಯೋ ಸೋದರಮಾವನೋ ಅಕ್ಕನೋ ಸಾಕುವ ರೂಢಿ ಎಲ್ಲ ಸಮಾಜಗಳಲ್ಲಿಯೂ ಉಂಟು. ನಮ್ಮಲ್ಲಿ ಅದನ್ನು ಮನೆಯ ಮಾತೆಂದು ಬಿಡುತ್ತೇವೆಯೇ ಹೊರತು ಇತಿಹಾಸದ ವಸ್ತುವೆಂದು ಎಣಿಸುವುದಿಲ್ಲ. ಆದರೆ ಹಾಗೆ ಸಾಕುವವರಿಗೆ ರಾಜ್ಯವು ನೆರವಾಗಬೇಕೆ, ಆಗುವುದಾದರೆ ಪರಕೀಯ ಪೋಷಕರಿಗೆ ಕೊಡುವಷ್ಟನ್ನೇ ಕೊಡಬೇಕೆ ಎಂಬ ಪ್ರಶ್ನೆ ಎದ್ದೊಡನೆ ವಿಷಯವು ಖಜಾನೆಗೂ ನ್ಯಾಯಾಲಯಕ್ಕೂ ಸಂಬಂಧಿಸಿದ್ದಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ನಡೆದುಬಂದ ದಾರಿಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಇದರ ಬೇರು ಇಂಗ್ಲೆಂಡಿನಲ್ಲಿದೆ. 1601ರ ಬಡವರ ಕಾನೂನು, ಶಕ್ತರಾದ ಅಜ್ಜ ಅಜ್ಜಿಯರು ನಿರ್ಗತಿಕ ಮೊಮ್ಮಕ್ಕಳನ್ನು ಪೋಷಿಸತಕ್ಕದ್ದೆಂದು ವಿಧಿಸಿತು. ಈ ವಿಚಾರವು ವಸಾಹತುಗಾರರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಬಂಧುವು ಸಲ್ಲಿಸುವುದು ಸೇವೆಯಲ್ಲ, ಋಣ, ಋಣಕ್ಕೆ ಸಂಬಳವುಂಟೆ? ಮುಂದಿನ ತೊಡಕೆಲ್ಲ ಈ ಭಾವನೆಯಿಂದಲೇ ಹುಟ್ಟಿತೆಂದು ನಮಗೆ ತೋರುತ್ತದೆ.

1911ರಲ್ಲಿ ಇಲಿನಾಯ್ ಸಂಸ್ಥಾನವು ಮಕ್ಕಳನ್ನು ಮನೆಯಲ್ಲಿಯೇ ಬೆಳೆಸಲು ತಾಯಂದಿರಿಗೆ ಧನಸಹಾಯವೀಯುವ ಶಾಸನವನ್ನು ಮಾಡಿ ಇತರರಿಗೆ ಮೇಲ್ಪಂಕ್ತಿಯಾಯಿತು. 1935ರ ಸಾಮಾಜಿಕ ಭದ್ರತಾ ಶಾಸನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಂದೆತಾಯಿಗಳಷ್ಟೇ ಅಲ್ಲದೆ ಅಜ್ಜ, ಅಜ್ಜಿ, ಅಣ್ಣತಮ್ಮ, ಅಕ್ಕತಂಗಿ, ಮಲಸಂಬಂಧಿಗಳು, ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ಇವರ ಮನೆಯಲ್ಲಿರುವ ಮಗುವಿಗೂ ನೆರವು ಸಲ್ಲುವಂತಾಯಿತು. ಬಂಧುತ್ವವನ್ನು ಶಾಸನವೊಂದು ಪಟ್ಟಿಮಾಡಿದ ಬಗೆ ಗಮನಾರ್ಹವಾದುದು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಿಗೆ ಅದರಲ್ಲಿ ಎಡೆಯಿರಲಿಲ್ಲ. ಕೇಂದ್ರ ಸರ್ಕಾರವು ತನ್ನ ಪಾಲನ್ನು ಲೆಕ್ಕಹಾಕುವಾಗ ಮೊದಲನೆಯ ಮಗುವಿಗೆ ತಿಂಗಳಿಗೆ 18 ಡಾಲರು, ಉಳಿದ ಒಂದೊಂದು ಮಗುವಿಗೆ 12 ಡಾಲರು ಎಂಬ ಮಿತಿಯನ್ನು ಇಟ್ಟಿತ್ತು. ಸಾಕುವವಳ ಹೊಟ್ಟೆಗೆ 1950ರ ತಿದ್ದುಪಡಿಯವರೆಗೆ ಈ ಲೆಕ್ಕದಲ್ಲಿ ಏನೂ ಇರಲಿಲ್ಲ!

1961ರಿಂದ, ನ್ಯಾಯಾಲಯದ ಆಜ್ಞೆಯಂತೆ ಮನೆಯಿಂದ ತೆಗೆದು ಪೋಷಕಗೃಹದಲ್ಲಿಟ್ಟ ಮಕ್ಕಳಿಗೆ ಕೇಂದ್ರದ ಹಣ ಪ್ರತ್ಯೇಕವಾಗಿ ದೊರೆಯತೊಡಗಿತು. ಇದರ ದರ ಹೆಚ್ಚು. ಇಲ್ಲಿಯೇ ಹಳೆಯ ಋಣಭಾವನೆ ತಲೆಯೆತ್ತಿತು. 1911ರಲ್ಲಿ ಮುಂದಾಳಾಗಿದ್ದ ಇಲಿನಾಯ್ ಸಂಸ್ಥಾನವೇ ಬಂಧುಗಳ ಮನೆಯು ‘ಪೋಷಕಗೃಹ’ವಲ್ಲವೆಂದು ನಿಯಮ ಮಾಡಿತು. 1972ರಲ್ಲಿ ಸಂಸ್ಥಾನದ ವಶದಲ್ಲಿದ್ದ ನಾಲ್ವರು ಒಡಹುಟ್ಟಿದವರಲ್ಲಿ ಇಬ್ಬರನ್ನು ಅವರ ಅಕ್ಕನ ಮನೆಗೆ ಒಪ್ಪಿಸಲಾಯಿತು. ಪರಕೀಯ ಪೋಷಕರಿಗೆ ವಿಧಿಸಿದ ಎಲ್ಲ ಅರ್ಹತೆಗಳೂ ಆ ಮನೆಗಿದ್ದವು. ಆದರೂ ಪರಕೀಯರಿಗೆ ಮಗುವೊಂದಕ್ಕೆ ತಿಂಗಳಿಗೆ 105 ಡಾಲರು. ಅಕ್ಕನಿಗೆ ಸುಮಾರು 63. ಅಷ್ಟರಲ್ಲಿ ಸಾಕಲಾರದೆ ಆಕೆ ಉಳಿದಿಬ್ಬರನ್ನು ಕರೆದುಕೊಳ್ಳಲಿಲ್ಲ. ಅವರು ಪರರ ಆಶ್ರಯದಲ್ಲಿ ಉಳಿದರು, ಸಂಸ್ಥಾನವು ಅದಕ್ಕೆ ಪೂರ್ಣ ದರವನ್ನೇ ತೆತ್ತಿತು. ಮಿತವ್ಯಯಕ್ಕೆಂದು ಮಾಡಿದ ನಿಯಮವು ಹಣವನ್ನೂ ಉಳಿಸಲಿಲ್ಲ, ಒಡಹುಟ್ಟಿದವರನ್ನೂ ಒಂದಾಗಿಡಲಿಲ್ಲ.

‘ಮಿಲ್ಲರ್ ಪ್ರತಿ ಯೂಕಿಮ್’ ಎಂಬ ಈ ಮೊಕದ್ದಮೆಯಲ್ಲಿ 1979ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಥರ್‌ಗುಡ್ ಮಾರ್ಷಲ್. ಕೇಂದ್ರದ ಯೋಜನೆಗೆ ಅರ್ಹನಾದ ಮಗುವನ್ನು ಬಂಧುವಿನ ಮನೆಯಲ್ಲಿದೆಯೆಂಬ ಕಾರಣಕ್ಕೆ ಹೊರಗಿಡಲಾಗದೆಂಬುದು ಅದರ ಸಾರ. ಪ್ರೀತಿಯುಳ್ಳವರಿಗೆ ಹಣದ ಪ್ರೇರಣೆ ಬೇಡವೆಂಬ ವಾದವನ್ನು ನಾವು ಪೂರ್ತಿಯಾಗಿ ಹಗುರವೆನ್ನಲಾರೆವು; ಆದರೆ ಪ್ರೀತಿ ಹೆಚ್ಚಿದ್ದ ಮಾತ್ರಕ್ಕೆ ಹಾಲಿನ ಬೆಲೆ ಇಳಿಯುವುದಿಲ್ಲ.

2008ರ ಶಾಸನವು ಮಗುವನ್ನು ಮನೆಯಿಂದ ತೆಗೆದ 30 ದಿನಗಳೊಳಗೆ ಬಂಧುಗಳಿಗೆ ತಿಳಿವಳಿಕೆ ಕೊಡಬೇಕೆಂದು ವಿಧಿಸಿತು. ಕಾನೂನುಬದ್ಧ ಪಾಲಕರಾಗುವ ಬಂಧುಗಳಿಗೆ ಧನಸಹಾಯ ನೀಡಲು ಸಂಸ್ಥಾನಗಳಿಗೆ ಅವಕಾಶವಿತ್ತಿತು. 2023ರ ಕೇಂದ್ರ ನಿಯಮವು ಬಂಧುಗಳ ಮನೆಗಳಿಗೆ ಬೇರೆಯೇ ಪರವಾನಗಿ ಮಾನದಂಡಗಳನ್ನು ಇಡಬಹುದೆಂದಿತು. ಇವೆಲ್ಲವೂ ಸರ್ಕಾರದ ವಶಕ್ಕೆ ಬಂದ ಮಕ್ಕಳನ್ನು ಕುರಿತವು. ನ್ಯಾಯಾಲಯದ ಮೆಟ್ಟಿಲನ್ನು ಕಾಣದೆ, ರಾತ್ರಿ ಬಾಗಿಲು ತಟ್ಟಿದ ಮೊಮ್ಮಗುವನ್ನು ಒಳಗೆ ಕರೆದುಕೊಂಡ ಅಜ್ಜಿಗೆ ಪೋಷಕಗೃಹದ ಆ ದರ ದೊರೆಯುವುದಿಲ್ಲ.