ವಿದ್ಯುತ್ ಮತ್ತು ಗ್ಯಾಸ್ ಗೀಸರ್‌ಗಳ ಬಳಕೆ ವೆಚ್ಚ

ಗೀಸರ್ ಎಂಬುದು ಸ್ನಾನ ಮತ್ತು ಗೃಹಕೃತ್ಯಗಳಿಗಾಗಿ ನೀರನ್ನು ಕಾಯಿಸುವ ಸಾಧನ. ಭಾರತದ ಮನೆಗಳಲ್ಲಿ ವಿದ್ಯುತ್ ಹಾಗೂ ಎಲ್‌ಪಿಜಿ ಅನಿಲದಿಂದ ನಡೆಯುವ ಗೀಸರ್‌ಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಇವುಗಳ ಬಳಕೆ ವೆಚ್ಚವು ಇಂಧನದ ದರ, ಸಾಧನದ ದಕ್ಷತೆ ಮತ್ತು ಬಳಸುವ ನೀರಿನ ಪ್ರಮಾಣವನ್ನು ಅವಲಂಬಿಸಿರುತ್ತದೆ.

ಬೇಕಾಗುವ ಶಕ್ತಿ

ಒಂದು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿಸಲು ಸುಮಾರು 4.19 ಕಿಲೋಜೂಲ್ ಶಕ್ತಿ ಬೇಕು. ಅದರಂತೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 10.5 ಮೆಗಾಜೂಲ್, ಅಂದರೆ 2.9 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿ ತಗಲುತ್ತದೆ.

ವಿದ್ಯುತ್ ಗೀಸರ್

ಇದರಲ್ಲಿ ಕಾಯಿಲ್‌ಗೆ ಹರಿದ ವಿದ್ಯುತ್ತಿನ ಬಹುತೇಕ ಭಾಗವು ಶಾಖವಾಗಿ ನೀರನ್ನು ಸೇರುತ್ತದೆ. ಆದರೆ ತೊಟ್ಟಿಯುಳ್ಳ ಗೀಸರನ್ನು ಸದಾ ಚಾಲನೆಯಲ್ಲಿಟ್ಟರೆ ಶಾಖವು ಹೊರಗೆ ಸೋರಿ ಹೆಚ್ಚುವರಿ ವಿದ್ಯುತ್ ವ್ಯಯವಾಗುತ್ತದೆ. ಇಂಧನ ದಕ್ಷತಾ ಬ್ಯೂರೋ ನೀಡುವ ನಕ್ಷತ್ರ ಶ್ರೇಣಿಯು ಈ ಸೋರಿಕೆಯನ್ನು ಆಧರಿಸಿದೆ.

ಗ್ಯಾಸ್ ಗೀಸರ್

ಸಾಮಾನ್ಯ ಗ್ಯಾಸ್ ಗೀಸರ್‌ನಲ್ಲಿ ತೊಟ್ಟಿ ಇರುವುದಿಲ್ಲ. ನೀರು ಹರಿಯುವಾಗಲೇ ಬಿಸಿಯಾಗುತ್ತದೆ. ಶಾಖದ ಒಂದು ಭಾಗ ಹೊಗೆಯೊಡನೆ ಹೊರಹೋಗುತ್ತದೆ. ಒಂದು ಕಿಲೋಗ್ರಾಂ ಎಲ್‌ಪಿಜಿಯ ಉಷ್ಣಮೌಲ್ಯ ಸುಮಾರು 46 ಮೆಗಾಜೂಲ್. ದಕ್ಷತೆಯನ್ನು ಶೇ. 80 ಎಂದು ಭಾವಿಸಿದರೆ ಮೇಲಿನ 100 ಲೀಟರ್ ನೀರಿಗೆ ಸುಮಾರು 285 ಗ್ರಾಂ ಅನಿಲ ಬೇಕು. ದಿನಕ್ಕೆ ಇಷ್ಟು ನೀರನ್ನು ಬಳಸುವ ಮನೆಯಲ್ಲಿ 14.2 ಕಿಲೋಗ್ರಾಂ ಸಿಲಿಂಡರ್ ಸುಮಾರು 50 ದಿನ ಬರುತ್ತದೆ.

ಹೋಲಿಕೆ

ಈ ಲೆಕ್ಕದಲ್ಲಿ ಒಂದು ಸಿಲಿಂಡರ್ ಸುಮಾರು 145 ಯೂನಿಟ್ ವಿದ್ಯುತ್ತಿಗೆ ಸಮ. ಸಿಲಿಂಡರಿನ ಬೆಲೆಯನ್ನು 145ರಿಂದ ಭಾಗಿಸಿದರೆ ಸಮವೆಚ್ಚದ ವಿದ್ಯುತ್ ದರ ದೊರೆಯುತ್ತದೆ. ಉದಾಹರಣೆಗೆ, ಸಿಲಿಂಡರಿಗೆ 870 ರೂಪಾಯಿ ಇದ್ದರೆ ಆ ದರ ಯೂನಿಟ್‌ಗೆ 6 ರೂಪಾಯಿ. ವಿದ್ಯುತ್ ಇದಕ್ಕಿಂತ ದುಬಾರಿಯಾದಲ್ಲಿ ಗ್ಯಾಸ್, ಅಗ್ಗವಾದಲ್ಲಿ ವಿದ್ಯುತ್ ಮಿತವ್ಯಯಕರ. ತೊಟ್ಟಿಯ ಸೋರಿಕೆಯನ್ನೂ ಸೇರಿಸಿದರೆ ವಿದ್ಯುತ್ತಿನ ವೆಚ್ಚ ತುಸು ಏರುತ್ತದೆ.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಈ ಲೆಕ್ಕವನ್ನು ಬದಲಿಸುತ್ತದೆ. ಇದರಡಿ ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಹೆಚ್ಚುವರಿ ಪ್ರಮಾಣ ಸೇರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. 200 ಯೂನಿಟ್ ಮೀರಿದರೆ ಪೂರ್ಣ ಬಿಲ್ ಪಾವತಿಸಬೇಕಾಗುತ್ತದೆ. ದಿನಕ್ಕೆ 2.9 ಯೂನಿಟ್‌ನಂತೆ ಗೀಸರ್ ಒಂದೇ ತಿಂಗಳಿಗೆ ಸುಮಾರು 87 ಯೂನಿಟ್ ಬಳಸುವುದರಿಂದ, ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಇದು ನಿರ್ಣಾಯಕವಾಗುತ್ತದೆ.

ಸುರಕ್ಷತೆ

ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ ಆಮ್ಲಜನಕ ಕುಗ್ಗಿ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಬಣ್ಣ, ವಾಸನೆಗಳಿಲ್ಲದ ಈ ಅನಿಲದಿಂದ ಪ್ರಜ್ಞೆ ತಪ್ಪಿ ಸಾವು ಸಂಭವಿಸಬಹುದು. ಆದ್ದರಿಂದ ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಅಳವಡಿಸಬೇಕು. ವಿದ್ಯುತ್ ಗೀಸರ್‌ಗೆ ಸಮರ್ಪಕ ಅರ್ಥಿಂಗ್ ಅಗತ್ಯ.

ಪರ್ಯಾಯಗಳು

ಸೌರ ಜಲತಾಪಕದಲ್ಲಿ ಬಿಸಿಲಿರುವ ದಿನಗಳಲ್ಲಿ ಇಂಧನ ವೆಚ್ಚವಿಲ್ಲ. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ನೀರಿಗೆ ವರ್ಗಾಯಿಸುವುದರಿಂದ ಸಾಮಾನ್ಯ ವಿದ್ಯುತ್ ಗೀಸರ್‌ಗಿಂತ ಗಣನೀಯವಾಗಿ ಕಡಿಮೆ ವಿದ್ಯುತ್ ಬಳಸುತ್ತದೆ. ಇವೆರಡರಲ್ಲೂ ಆರಂಭಿಕ ಹೂಡಿಕೆ ಹೆಚ್ಚು.