ಸರ್ಪವರ್ಗೀಕರಣವೂ ದೇಶಭಾಷೆಯ ಹೆಸರುಗಳೂ

ಆಮೆ, ಮೊಸಳೆ, ಉಡ, ಹಲ್ಲಿ, ಓತಿಕ್ಯಾತ ಎಂದು ಉಳಿದ ಸರೀಸೃಪಗಳನ್ನು ಕನ್ನಡಿಗರು ಒಂದೆರಡು ಮಾತುಗಳಲ್ಲಿ ಕರೆದು ಮುಗಿಸುತ್ತಾರೆ. ಹಾವಿನ ವಿಷಯದಲ್ಲಿ ಮಾತ್ರ ಭಾಷೆಯು ಉದಾರವಾಗಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಕೇರೆ, ಒಳ್ಳೆ, ಹೆಬ್ಬಾವು, ಮಣ್ಣುಮುಕ್ಕ, ಕಾಳಿಂಗ ಎಂಬಿವು ಹಳ್ಳಿಯ ಹುಡುಗನೂ ಬಲ್ಲ ಹೆಸರುಗಳು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಒಂದು ಹಲ್ಲಿಯನ್ನು ಮತ್ತೊಂದು ಹಲ್ಲಿಯೆಂದು ಭ್ರಮಿಸಿದವನಿಗೆ ನಷ್ಟವೇನೂ ಇಲ್ಲ. ಹಾವಿನಲ್ಲಿ ಅಂಥ ಭ್ರಮೆಗೆ ಪ್ರಾಣವೇ ಬೆಲೆಯಾದೀತು. ಇಂಥ ಹೆಸರುಗಳನ್ನು ಶಬ್ದಸಂಗ್ರಹದ ಸಾಮಗ್ರಿಯೆಂದು ಭಾಷಾಪಂಡಿತರೂ, ಅಶಾಸ್ತ್ರೀಯವೆಂದು ಪ್ರಾಣಿಶಾಸ್ತ್ರಜ್ಞರೂ ಬದಿಗಿಡುವುದುಂಟು. ಆದರೆ ಇವುಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಈ ದೇಶದಲ್ಲಿ ಸರ್ಪಜ್ಞಾನವು ಬೆಳೆದು ಬಂದ ಹಾದಿಯೇ ಅವುಗಳಲ್ಲಿ ಕಾಣಬರುತ್ತದೆ.

‘ಮಂಡಲ’ವೆಂಬ ಮಾತನ್ನೇ ತೆಗೆದುಕೊಳ್ಳಬಹುದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಭೂಮಿಯ ಮೇಲಣ ಸರ್ಪಗಳು ೮೦ ಎಂದು ಹೇಳಿದೆ. ಅವುಗಳಲ್ಲಿ ದರ್ವೀಕರಗಳು ೨೬, ಮಂಡಲಿಗಳು ೨೨, ರಾಜಿಮಂತಗಳು ೧೦, ನಿರ್ವಿಷಗಳು ೧೨; ಸಂಕರದಿಂದ ಹುಟ್ಟಿದ ವೈಕರಂಜಗಳು ೩, ಅವುಗಳಿಂದ ಹುಟ್ಟಿದವು ೭. ದರ್ವಿಯೆಂದರೆ ಸೌಟು; ಸೌಟಿನಂತೆ ಹೆಡೆಯುಳ್ಳುದು ದರ್ವೀಕರ. ಮೈಮೇಲೆ ದುಂಡನೆಯ ಗುರುತುಗಳುಳ್ಳುದು ಮಂಡಲಿ, ರೇಖೆಗಳುಳ್ಳುದು ರಾಜಿಮಂತ. ಇಲ್ಲಿಗೇ ನಿಂತಿದ್ದರೆ ಇದು ಕೇವಲ ಕಣ್ಣಿಗೆ ಕಂಡ ಗುರುತುಗಳ ವಿಂಗಡಣೆಯಾಗುತ್ತಿತ್ತು. ಸಂಹಿತಾಕಾರನು ಮುಂದುವರಿದು ಒಂದೊಂದು ವರ್ಗದ ಕಡಿತದ ಲಕ್ಷಣಗಳನ್ನೂ ವಿವರಿಸಿರುವನು. ದರ್ವೀಕರದ ವಿಷದಲ್ಲಿ ತಲೆ ಭಾರವಾಗುವುದು, ಸೊಂಟ ಬೆನ್ನು ಕೊರಳುಗಳು ಬಲಗುಂದುವುವು, ಆಕಳಿಕೆ ಬರುವುದು, ದನಿ ಕುಗ್ಗುವುದು. ಮಂಡಲಿಯ ವಿಷದಲ್ಲಿ ಮೇಲೂ ಕೆಳಗೂ ರಕ್ತ ಹೊರಡುವುದು. ರಾಜಿಮಂತದ ವಿಷದಲ್ಲಿ ಮೈ ಬಿಳಿಚಿಕೊಂಡು, ಚಳಿ ಹತ್ತಿ, ಗಂಟಲಲ್ಲಿ ಗುರುಗುರು ಶಬ್ದವಾಗಿ, ಉಸಿರು ಕಟ್ಟುವುದು. ದರ್ವೀಕರಗಳು ಹಗಲಿನಲ್ಲಿಯೂ, ರಾಜಿಮಂತಗಳು ರಾತ್ರಿಯ ಕಡೆಯ ಜಾವದಲ್ಲಿಯೂ, ಮಂಡಲಿಗಳು ಉಳಿದ ಜಾವಗಳಲ್ಲಿಯೂ ಸಂಚರಿಸುವುವೆಂದೂ ಅಲ್ಲಿಯೇ ಹೇಳಿದೆ.

ನಾಗರಹಾವು ಕಚ್ಚಿದವನ ಕೊರಳು ತಲೆಯನ್ನು ಹೊರಲಾರದೆ ಬಾಗುವುದನ್ನೂ, ಕೊಳಕುಮಂಡಲ ಕಚ್ಚಿದವನ ವಸಡಿನಿಂದಲೂ ಮೂತ್ರದಲ್ಲಿಯೂ ರಕ್ತ ಸುರಿಯುವುದನ್ನೂ ಕಂಡಿರುವ ಇಂದಿನ ವೈದ್ಯನಿಗೆ ಈ ವರ್ಣನೆ ಹೊಸದೆನಿಸದು. ರಾಜಿಮಂತವು ಕಟ್ಟುಹಾವಿನ ಜಾತಿಯೆಂದು ವಿದ್ವಾಂಸರು ಊಹಿಸಿರುವುದು ಯುಕ್ತವಾಗಿಯೇ ತೋರುತ್ತದೆ. ನಿದ್ರೆಯಲ್ಲಿದ್ದವನನ್ನು ಅದು ರಾತ್ರಿ ಕಚ್ಚುವುದೂ, ನೋವೇ ಇಲ್ಲದೆ ಉಸಿರು ಕಟ್ಟಿ ಸಾವು ಬರುವುದೂ ಪ್ರಸಿದ್ಧವಾಗಿದೆ. ಹೀಗೆ ನೋಡಿದರೆ ಸುಶ್ರುತನ ವಿಭಾಗವನ್ನು ಅಪಕ್ವವಾದ ಪ್ರಾಣಿಶಾಸ್ತ್ರವೆಂದು ಎಣಿಸುವುದು ಸರಿಯಲ್ಲ. ಅದು ರೋಗಿಯ ಮಗ್ಗುಲಲ್ಲಿ ಕುಳಿತ ವೈದ್ಯನು ಮಾಡಿಕೊಂಡ ವಿಭಾಗ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ: ವೈದ್ಯನಿಗೆ ಬೇಕಿಲ್ಲದ ನಿರ್ವಿಷಗಳು ೧೨ಕ್ಕೆ ಮುಗಿದುಹೋದುವು. ಇಂದು ಭಾರತದಲ್ಲಿ ಮುನ್ನೂರಕ್ಕೂ ಮಿಕ್ಕ ಜಾತಿಯ ಹಾವುಗಳು ಗೊತ್ತಾಗಿವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ಅಪಾಯಕಾರಿಗಳಲ್ಲ. ವೈಕರಂಜಗಳಂತೂ ಯಾವ ವರ್ಗಕ್ಕೂ ಸೇರದುದನ್ನು ಹೇಗಾದರೂ ಸೇರಿಸುವ ಶಾಸ್ತ್ರಕಾರನ ಉಪಾಯವೆಂದೇ ತೋರುತ್ತದೆ.

ವಿಷವೈದ್ಯದ ಈ ಪರಂಪರೆಯು ಕನ್ನಡದಲ್ಲಿ ಸ್ವತಂತ್ರವಾದ ಗ್ರಂಥರೂಪವನ್ನು ತಾಳಿದುದು ಕ್ರಿ. ಶ. ೧೩೬೦ರ ಸುಮಾರಿನಲ್ಲಿ. ವಿಜಯನಗರದ ಆರಂಭಕಾಲದ ಜೈನಕವಿ ೧ನೆಯ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ಸ್ಥಾವರಜಂಗಮ ವಿಷಗಳ ಚಿಕಿತ್ಸೆಯನ್ನು ಪದ್ಯದಲ್ಲಿ ನಿರೂಪಿಸಿ, ಪೂಜ್ಯಪಾದನ ವೈದ್ಯವನ್ನು ಆಧಾರವಾಗಿ ಹೇಳಿಕೊಂಡಿದ್ದಾನೆ. ಮದ್ರಾಸು ವಿಶ್ವವಿದ್ಯಾನಿಲಯವು ಇದನ್ನು ೧೯೪೨ರಲ್ಲಿ ಪ್ರಕಟಿಸಿತು. ಸಾಹಿತ್ಯಚರಿತ್ರೆಗಳಲ್ಲಿ ಈ ಕೃತಿಗೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಸ್ಥಳ ದೊರೆಯದಿರುವುದು ವಿಷಾದಕರವಾದ ಸಂಗತಿ. ಗ್ರಂಥ ಓದದವರ ಬಾಯಲ್ಲಿಯೂ ‘ಮಂಡಲಿ’ಯು ಮಂಡಲವಾಗಿ ನಿಂತಿತು. ಅದಕ್ಕೆ ‘ಕೊಳಕು’ ಎಂಬ ವಿಶೇಷಣ ಸೇರಿದುದು ಕಡಿತದ ಜಾಗ ಕೊಳೆಯುವುದರಿಂದ ಇರಬಹುದೆಂಬ ಊಹೆಗೆ ಅವಕಾಶವಿದೆ. ಆ ಊಹೆ ನಿಜವಾದರೆ, ಗುರುತೂ ರೋಗಲಕ್ಷಣವೂ ಒಂದೇ ಹೆಸರಿನಲ್ಲಿ ಕೂಡಿದಂತಾಯಿತು.

ಪಾಶ್ಚಾತ್ಯರಲ್ಲಿ ಈ ಕೆಲಸಕ್ಕೆ ಮೊದಲು ಕೈಯಿಟ್ಟವನೂ ವೈದ್ಯನೇ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನವನು ಅಲೆಪ್ಪೊ ಪಟ್ಟಣದಲ್ಲಿ ಪ್ಲೇಗಿನ ಚಿಕಿತ್ಸೆಯಲ್ಲಿ ಹೆಸರು ಪಡೆದು, ಅನಂತರ ವಿಶಾಖಪಟ್ಟಣಕ್ಕೆ ಬಂದು, ೧೭೮೫ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪ್ರಕೃತಿಶಾಸ್ತ್ರಜ್ಞನಾಗಿ ನೇಮಕಗೊಂಡನು. ಕೋರಮಂಡಲ ತೀರದ ಹಾವುಗಳನ್ನು ಕುರಿತ ಅವನ ದೊಡ್ಡ ಗ್ರಂಥದ ಮೊದಲ ಸಂಪುಟ ೧೭೯೬ರಲ್ಲಿ ಹೊರಬಂದಿತು. ಯಾವ ಹಾವಿಗೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದೇ ಅವನ ಮುಖ್ಯ ಪ್ರಶ್ನೆಯಾಗಿತ್ತು. ಅವನು ಅನೇಕ ಹಾವುಗಳಿಗೆ ಲ್ಯಾಟಿನ್ ಹೆಸರು ಹುಡುಕುವ ಗೋಜಿಗೆ ಹೋಗದೆ, ಊರಿನವರು ಹೇಳಿದ ತೆಲುಗು ಹೆಸರುಗಳನ್ನೇ ಬರೆದುಕೊಂಡನು. ಕೊಳಕುಮಂಡಲವು ಅವನ ಪುಟಗಳಲ್ಲಿ ‘ಕಟುಕರೇಕುಲಪೊಡ’. ಕಪ್ಪು ಮೈಯ ಮೇಲೆ ಹೊಂಬಣ್ಣದ ಪಟ್ಟಿಗಳುಳ್ಳ ಕಟ್ಟುಹಾವು ‘ಬಂಗಾರುಪಾಮು’. ಈ ಎರಡು ಹೆಸರುಗಳ ಗತಿ ಬೇರೆ ಬೇರೆಯಾಯಿತು. ೧೭೯೭ರಲ್ಲಿ ಷಾ ಮತ್ತು ನಾಡರ್ ಎಂಬವರು ಮೊದಲನೆಯದಕ್ಕೆ ರಸೆಲನ ಹೆಸರನ್ನೇ ಇಟ್ಟರು. ಹೆಸರು ಹೇಳಿಕೊಟ್ಟವರ ಮಾತು ಶಾಸ್ತ್ರದಿಂದ ಜಾರಿಹೋಯಿತು. ಎರಡನೆಯದನ್ನು ಫ್ರಾನ್ಸಿನ ದೊದ್ಯಾಂ ೧೮೦೩ರಲ್ಲಿ ‘ಬುಂಗಾರಸ್’ ಎಂದು ಕುಲನಾಮವಾಗಿಸಿದನು. ಇಂದು ಲೋಕದ ಎಲ್ಲ ಕಟ್ಟುಹಾವುಗಳೂ ಶಾಸ್ತ್ರದಲ್ಲಿ ಈ ತೆಲುಗಿನ ಬಂಗಾರವನ್ನೇ ಹೊತ್ತಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಾವು ಹಳ್ಳಿಯಿಂದ ಹೊರಟು ಮದ್ಯಸಾರದ ಸೀಸೆಯನ್ನು ಸೇರಿತು. ಗುಂಥರ್ (೧೮೬೪), ಬೂಲಂಜೆ (೧೮೯೦) ಮುಂತಾದವರು ಶಲ್ಕಗಳನ್ನೂ ಹಲ್ಲುಗಳನ್ನೂ ಎಣಿಸಿ ವರ್ಗಗಳನ್ನು ಸ್ಥಿರಪಡಿಸಿದರು. ಮಾಲ್ಕಂ ಸ್ಮಿತ್ತನ ಸರ್ಪಸಂಪುಟ ೧೯೪೩ರಲ್ಲಿ ಪ್ರಕಟವಾಯಿತು. ಈ ಎಣಿಕೆಯನ್ನು ಒಣವಿದ್ಯೆಯೆಂದು ಹಳಿಯಲಾಗದು. ಬೆನ್ನಿನ ನಡುಸಾಲಿನ ಶಲ್ಕಗಳು ಅಗಲವಾಗಿದ್ದು ಕೆಳದುಟಿಯ ನಾಲ್ಕನೆಯ ಶಲ್ಕ ದೊಡ್ಡದಾಗಿದ್ದರೆ ಅದು ಕಟ್ಟುಹಾವೆಂದು ಫ್ರಾಂಕ್ ವಾಲ್ ತೋರಿಸಿಕೊಟ್ಟುದರಿಂದ, ಕೊಂದು ತಂದ ಹಾವನ್ನು ನೋಡಿ ನಿರ್ಣಯಿಸುವ ಉಪಾಯ ವೈದ್ಯರಿಗೆ ದೊರಕಿತು. ಜೋಸೆಫ್ ಫೇರರನು ೧೮೭೨ರಲ್ಲಿ ಪ್ರಕಟಿಸಿದ ಭವ್ಯಗ್ರಂಥದಲ್ಲಿ ಹಾವುಗಳ ಚಿತ್ರಗಳೂ ಇವೆ, ಅಂದು ಪ್ರಚಾರದಲ್ಲಿದ್ದ ಔಷಧಗಳನ್ನು ಪರೀಕ್ಷಿಸಿ ಯಾವುದೂ ಫಲಕಾರಿಯಲ್ಲವೆಂದು ಕಂಡ ವೃತ್ತಾಂತವೂ ಇದೆ.

ಫಲಕಾರಿಯಾದ ಔಷಧ ಬಂದಾಗ ಹಳೆಯ ಪ್ರಶ್ನೆಯೇ ಮತ್ತೆ ತಲೆಯೆತ್ತಿತು. ೧೮೯೦ರ ದಶಕದಲ್ಲಿ ಕಾಲ್ಮೆತ್ ಎಂಬ ಫ್ರೆಂಚ್ ವೈದ್ಯನು ಪ್ರಾಣಿಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ಅವುಗಳ ರಕ್ತದಿಂದ ಪ್ರತಿವಿಷವನ್ನು ಪಡೆದನು. ಅದು ಎಲ್ಲ ಹಾವುಗಳಿಗೂ ಸಲ್ಲುವುದೆಂದು ಅವನು ನಂಬಿದ್ದನು. ಭಾರತದಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪರೀಕ್ಷಿಸಿ, ನಾಗರಹಾವಿನ ವಿಷಕ್ಕೆ ತಯಾರಿಸಿದುದು ಕೊಳಕುಮಂಡಲದ ವಿಷವನ್ನು ತಡೆಯದೆಂದು ಸಿದ್ಧಪಡಿಸಿದನು. ಮುಂದೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಗಳನ್ನೂ ಕುದುರೆಗೆ ಚುಚ್ಚಿ ಒಂದೇ ಔಷಧವನ್ನು ಮಾಡಲಾಯಿತು. ಪ್ರಾಣಿಶಾಸ್ತ್ರದಲ್ಲಿ ನಾಗರವೂ ಕಟ್ಟುಹಾವೂ ಒಂದೇ ಕುಟುಂಬ. ವೈದ್ಯನಿಗೆ ಅವು ಎರಡು. ದರ್ವೀಕರವನ್ನೂ ರಾಜಿಮಂತವನ್ನೂ ಬೇರ್ಪಡಿಸಿದ ಸುಶ್ರುತನು ಈ ಒಂದು ವಿಷಯದಲ್ಲಿ ಬೂಲಂಜೆಗಿಂತ ಔಷಧಶಾಲೆಗೆ ಹತ್ತಿರದವನು.

ಮಲೆನಾಡಿನ ಕಾಡುತೋಟಗಳಲ್ಲಿ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅಲ್ಲಿ ಮೂತಿಯ ತುದಿ ಮೇಲೆದ್ದಿರುವ ಒಂದು ಸಣ್ಣ ಗುಳಿಮಂಡಲವುಂಟು. ಕಣ್ಣಿಗೂ ಮೂಗಿಗೂ ನಡುವೆ ಇರುವ ಗುಳಿಯಿಂದ ಅದು ಬೇಟೆಯ ಮೈಶಾಖವನ್ನು ಅರಿಯುತ್ತದೆ. ಇದರ ಕಡಿತದಿಂದ ರಕ್ತಸ್ರಾವವೂ ಮೂತ್ರಪಿಂಡಗಳ ಹಾನಿಯೂ ಆದ ರೋಗಿಗಳ ವೃತ್ತಾಂತವನ್ನು ಕೇರಳದ ವೈದ್ಯರು ೨೦೦೭ರಲ್ಲಿ ಪ್ರಕಟಿಸಿದರು. ಇದನ್ನು ಗರಗಸಮಂಡಲವೆಂದು ತಪ್ಪಾಗಿ ತಿಳಿದು ಔಷಧ ಕೊಟ್ಟುದೂ ಉಂಟು; ನಾಲ್ಕು ಹಾವುಗಳ ಔಷಧ ಇದರ ವಿಷವನ್ನು ತಡೆಯಲಿಲ್ಲ. ‘ಮಂಡಲ’ವೆಂದರೆ ಸಾಲದು, ಯಾವ ಮಂಡಲವೆಂದು ಹೇಳಬೇಕು. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಂದಾಜನ್ನು ನೆನೆದರೆ, ಇದು ಪದಜಿಜ್ಞಾಸೆ ಮಾತ್ರವಲ್ಲವೆಂದು ತಿಳಿಯುವುದು.

ಕಾಳಿಂಗನ ವೃತ್ತಾಂತ ತೀರ ಈಚಿನದು. ಕ್ಯಾಂಟರನು ೧೮೩೬ರಲ್ಲಿ ವರ್ಣಿಸಿದಂದಿನಿಂದ ಇದನ್ನು ಒಂದೇ ಜಾತಿಯೆಂದು ಎಣಿಸಿದ್ದರು. ವಂಶವಾಹಿಗಳನ್ನೂ ಮೈಯ ಪಟ್ಟಿಗಳನ್ನೂ ಹೋಲಿಸಿ ನೋಡಿದ ವಿಜ್ಞಾನಿಗಳು ೨೦೨೪ರಲ್ಲಿ ಅದನ್ನು ನಾಲ್ಕು ಜಾತಿಗಳಾಗಿ ವಿಭಾಗಿಸಿ, ಪಶ್ಚಿಮಘಟ್ಟಗಳಿಗೆ ಸೀಮಿತವಾದುದಕ್ಕೆ ಕನ್ನಡದ ಮಾತನ್ನೇ ಆಯ್ದು ‘ಓಫಿಯೊಫಾಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಸುಂಡಾ ದ್ವೀಪಗಳ ಕಡೆಯ ಜಾತಿಗೆ ಷ್ಲೆಗೆಲನು ೧೮೩೭ರಲ್ಲಿ ಕೊಟ್ಟಿದ್ದ ‘ಬುಂಗಾರಸ್’ ಎಂಬ ವಿಶೇಷನಾಮವು ಮತ್ತೆ ಬಳಕೆಗೆ ಬಂದಿತು; ವಿಶಾಖಪಟ್ಟಣದ ತೀರದಲ್ಲಿ ರಸೆಲನು ಕೇಳಿ ಬರೆದುಕೊಂಡ ಮಾತು ಹೀಗೆ ಕಡಲಾಚೆಯ ಕಾಳಿಂಗನಿಗೆ ಅಂಟಿಕೊಂಡಿತು. ಹೆಸರು ದೊರೆತರೂ, ಭಾರತದಲ್ಲಿ ತಯಾರಾಗುವ ನಾಲ್ಕು ಹಾವುಗಳ ಔಷಧದಲ್ಲಿ ಪಶ್ಚಿಮಘಟ್ಟದ ಕಾಳಿಂಗನ ವಿಷ ಸೇರಿಲ್ಲ.